ಒಣಗಿದೆ ಅಂದುಕೊಂಡ ಲೆದರ್ ಸೀಟು: ಒಂದು ಪ್ರಕರಣ

ಹಿನ್ನೆಲೆ

ಕಾರು 7 ವರ್ಷ ಹಳೆಯದು. ಈಗಿನ ಮಾಲೀಕರು ಕೊಂಡದ್ದು ಸೆಕೆಂಡ್ ಹ್ಯಾಂಡ್. ಸೀಟುಗಳೆಲ್ಲ ಕೆನೆ ಬಣ್ಣದ ಲೆದರ್. ಮುಂದಿನ ಎರಡು ಸೀಟುಗಳ ನಡುಭಾಗದಲ್ಲಿ ಸಣ್ಣ ತೂತುಗಳ ಸಾಲು, ಅದರ ಕೆಳಗೆ ಗಾಳಿ ಆಡಿಸುವ ಫ್ಯಾನು. ಕಾರನ್ನು ಅವರು ಚೆನ್ನಾಗಿಯೇ ನೋಡಿಕೊಂಡಿದ್ದರು. ನಿಜ ಹೇಳಬೇಕೆಂದರೆ ಸ್ವಲ್ಪ ಜಾಸ್ತಿಯೇ ನೋಡಿಕೊಂಡಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ. (ಗುರುತು ಸಿಗಬಾರದೆಂದು ಕಾರಿನ ಹೆಸರು, ಮಾಲೀಕರ ವಿವರ ಯಾವುದನ್ನೂ ಬರೆದಿಲ್ಲ.)

ಕಾರು ಕೈಗೆ ಬಂದಾಗಲೇ ಡ್ರೈವರ್ ಸೀಟಿನಲ್ಲಿ ಸಣ್ಣ ಗೆರೆಗಳಿದ್ದವಂತೆ. ಲೆದರ್ ಒಣಗಿದರೆ ಬಿರುಕು ಬಿಡುತ್ತದೆ ಎಂದು ಯಾರೋ ಹೇಳಿದರು. ಸರಿ, ಎಣ್ಣೆ ಮತ್ತು ಮೇಣ ಬೆರೆಸಿದ ಗಟ್ಟಿ ಮುಲಾಮಿನಂಥ ಕಂಡೀಷನರ್ ತಂದರು. ಬೂಟು, ಬೆಲ್ಟುಗಳಿಗೆ ಹಚ್ಚುವ ಜಾತಿಯದು. ರಾತ್ರಿ ಹಚ್ಚಿ ಬೆಳಗಿನವರೆಗೆ ಬಿಡುತ್ತಿದ್ದರು. ಉಳಿದದ್ದನ್ನು ಒರೆಸಿ ತೆಗೆಯುತ್ತಿರಲಿಲ್ಲ. ಚರ್ಮ ಕುಡಿಯಲಿ ಎಂಬ ಲೆಕ್ಕ. ಮೊದಲ ದಿನ ಸೀಟು ಫಳಫಳ ಹೊಳೆಯುತ್ತಿತ್ತು, ಆಮೇಲೆ ಮತ್ತೆ ಮಂಕಾಗುತ್ತಿತ್ತು. ಮಂಕಾದರೆ ಒಣಗಿದೆ ಎಂದರ್ಥ, ಅಲ್ವಾ? ಮತ್ತೆ ಹಚ್ಚುತ್ತಿದ್ದರು. ಹೀಗೇ ಎರಡು ವರ್ಷ ನಡೆಯಿತು.

ಕಾರಿನ ಒಳಭಾಗ ಸ್ವಚ್ಛ ಮಾಡಿಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬಂದಾಗ ಅವರ ಬೇಡಿಕೆ ಇಷ್ಟೇ ಇತ್ತು: "ಸೀಟು ಒಣಗಿ ಬಿರುಕು ಬಿಡ್ತಿದೆ. ನನ್ನ ಕಂಡೀಷನರ್ ಸಾಕಾಗ್ತಿಲ್ಲ. ಇನ್ನೂ ಒಳ್ಳೇದು ಯಾವುದಾದ್ರೂ ಇದ್ರೆ ಹಚ್ಚಿ ಕೊಡಿ."

ದೂರು ಒಂದು, ಕಂಡದ್ದು ಇನ್ನೊಂದು

ಬಾಗಿಲು ತೆಗೆದು ನೋಡಿದರೆ ಒಣಗಿದ ಸೀಟಿನ ಯಾವ ಲಕ್ಷಣವೂ ಇರಲಿಲ್ಲ. ಕೂರುವ ಜಾಗವೆಲ್ಲ ಮಿರಮಿರ ಹೊಳೆಯುತ್ತಿತ್ತು. ಬೆರಳಿಟ್ಟು ಎತ್ತಿದರೆ ತುಸು ಅಂಟುತ್ತಿತ್ತು. ಕೆನೆ ಬಣ್ಣ ಹಳದಿ ಮಿಶ್ರಿತ ಕಂದು ಆಗಿತ್ತು. ಹೊಲಿಗೆಯ ಸಂದಿಗಳಲ್ಲಿ ಕಪ್ಪು ಗೆರೆ ಕಟ್ಟಿತ್ತು. ಸುಕ್ಕುಗಳೆಲ್ಲ ಬಿರುಕಿನ ಹಾಗೆ ಎದ್ದು ಕಾಣುತ್ತಿದ್ದವು. ಡ್ರೈವರ್ ಸೀಟಿನ ಕೆಳಭಾಗದಲ್ಲಿ ಜೀನ್ಸ್‌ನ ನೀಲಿ ಹಿಡಿದಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಕಾರಿನ ಲೆದರ್ ಹೊಳೆಯಬೇಕು ಎಂದು ತುಂಬಾ ಜನ ನಂಬಿದ್ದಾರೆ. ಸಾಮಾನ್ಯವಾಗಿ ಅದು ಫ್ಯಾಕ್ಟರಿಯಿಂದ ಬರುವಾಗ ಹೊಳೆಯುವುದಿಲ್ಲ. ಮ್ಯಾಟ್ ಆಗಿರುತ್ತದೆ, ಹೆಚ್ಚೆಂದರೆ ಒಂದಿಷ್ಟು ಕಾಂತಿ ಇರುತ್ತದೆ. ಬಳಸಿದ ಸೀಟು ಹೊಳೆಯುತ್ತಿದ್ದರೆ ಅದು ಮೈಯ ಜಿಡ್ಡು, ಬೆವರು, ಕೈಗೆ ಹಚ್ಚಿದ ಕ್ರೀಮು, ಧೂಳು ಸೇರಿ ಕಟ್ಟಿದ ಪದರ. ಇಲ್ಲವೇ ಮೇಲಿನ ಕೋಟ್ ಉಜ್ಜಿ ಉಜ್ಜಿ ನುಣುಪಾಗಿದೆ ಎಂದರ್ಥ. ಈ ಕಾರಿನಲ್ಲಿ ಆ ಪದರದ ಮೇಲೆ ಎರಡು ವರ್ಷದ ಮೇಣವೂ ಸೇರಿಕೊಂಡಿತ್ತು.

ಇನ್ನೊಂದು ಮಾತನ್ನು ಮಾಲೀಕರು ಸುಮ್ನೆ ಹೋಗುವಾಗ ಹೇಳಿದ್ದರು. "ಸೀಟಿನ ಫ್ಯಾನೂ ಈಗ ಸರಿಯಾಗಿ ಗಾಳಿ ಕೊಡಲ್ಲ, ಅದನ್ನ ಬೇರೆ ಕಡೆ ತೋರಿಸ್ಬೇಕು." ಆಗ ಅದಕ್ಕೂ ಲೆದರ್‌ಗೂ ಸಂಬಂಧ ಇದೆ ಎಂದು ಅವರಿಗೆ ಅನಿಸಿರಲಿಲ್ಲ.

ಯಾವ ಲೆದರ್ ಎಂಬ ಪ್ರಶ್ನೆ

ಏನು ಹಚ್ಚುವುದು ಎನ್ನುವ ಮೊದಲು ಯಾವುದಕ್ಕೆ ಹಚ್ಚುತ್ತಿದ್ದೇವೆ ಎಂದು ಗೊತ್ತಿರಬೇಕು. ಈಗಿನ ಕಾರುಗಳಲ್ಲಿ ಬಹುಪಾಲು ಲೆದರ್ ಕೋಟ್ ಮಾಡಿದ್ದು. ಹದ ಮಾಡಿದ ತೊಗಲಿನ ಮೇಲೆ ಬಣ್ಣದ ಪದರ ಕೂರಿಸುತ್ತಾರೆ. ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಪಾರದರ್ಶಕ ಪದರ ಬರುತ್ತದೆ. ನಾವು ಕೂರುವುದು, ಮುಟ್ಟುವುದು, ತೊಳೆಯುವುದು ಎಲ್ಲ ಈ ಮೇಲಿನ ಪದರವನ್ನು. ಇನ್ನೊಂದು ಬಗೆ ಅನಿಲೀನ್ ಲೆದರ್. ಅದಕ್ಕೆ ಬಣ್ಣ ತೊಗಲಿನ ನಾರಿನ ಒಳಗೇ ಇಳಿದಿರುತ್ತದೆ, ಮೇಲೆ ಮುಚ್ಚುವ ಪದರ ಇಲ್ಲ ಅಥವಾ ಇದ್ದೂ ಇಲ್ಲದಂತಿರುತ್ತದೆ. ಅದು ನೀರನ್ನೂ ಹೀರುತ್ತದೆ, ಎಣ್ಣೆಯನ್ನೂ ಹೀರುತ್ತದೆ. ಸೆಮಿ ಅನಿಲೀನ್ ಎಂಬುದು ಇವೆರಡರ ನಡುವಿನದು, ದುಬಾರಿ ಕಾರುಗಳಲ್ಲಿ ಸಿಗುತ್ತದೆ.

ಇದನ್ನು ತಿಳಿಯಲು ಎಲ್ಲರೂ ಹೇಳುವ ಉಪಾಯ ಒಂದು ಹನಿ ನೀರು. ಹನಿ ಹಾಗೇ ನಿಂತರೆ ಕೋಟ್ ಇದೆ. ಇಂಗಿ ಕಪ್ಪಾದರೆ ಇಲ್ಲ. ಉಪಾಯ ಒಳ್ಳೆಯದೇ. ಆದರೆ ಈ ಕಾರಿನಲ್ಲಿ ಅದನ್ನು ನೇರವಾಗಿ ಮಾಡಿದ್ದರೆ ಉತ್ತರವನ್ನು ನಂಬುವಂತಿರಲಿಲ್ಲ. ಮೇಣ ಮೆತ್ತಿದ ಮೇಲ್ಮೈ ಯಾವುದೇ ಇರಲಿ, ನೀರು ಅದರ ಮೇಲೆ ಮಣಿಯಾಗಿಯೇ ನಿಲ್ಲುತ್ತದೆ. ಹಾಗಾಗಿ ಹಿಂದಿನ ಸೀಟಿನ ಅಂಚಿನಲ್ಲಿ, ಬೆನ್ನೊರಗುವ ಭಾಗದ ಬುಡದಲ್ಲಿ ಕಣ್ಣಿಗೆ ಬೀಳದ ಅಂಗೈ ಅಗಲದ ಜಾಗ ಆರಿಸಿ ಮೊದಲು ಅದನ್ನು ಸ್ವಚ್ಛ ಮಾಡಿದೆ. ಹನಿ ಹಾಕಿದ್ದು ಆಮೇಲೆ. ಅದು ಕದಲದೆ ನಿಂತಿತು. ಕೋಟ್ ಮಾಡಿದ ಲೆದರ್ ಎಂಬುದು ಖಾತ್ರಿಯಾಯಿತು.

ಹನಿಗಿಂತ ಹೆಚ್ಚು ಹೇಳಿದ್ದು ಆ ಅಂಗೈ ಅಗಲದ ಜಾಗವೇ. ಸುತ್ತಲಿನ ಸೀಟು ಕಂದು, ಅಂಟು, ಹೊಳಪು. ನಡುವೆ ತಿಳಿ ಕೆನೆ ಬಣ್ಣದ, ಮ್ಯಾಟ್ ಆದ, ಮೆತ್ತಗಿನ ತುಂಡು. ಮಾಲೀಕರನ್ನು ಕರೆದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಬೇರೆ ಬಣ್ಣ ಅಲ್ವಾ? ಬಣ್ಣ ಎದ್ದು ಹೋಯ್ತಾ?" ಎಂದು ಕೇಳಿದರು. ಒರೆಸಿದ ಬಟ್ಟೆ ತೋರಿಸಿದೆ. ಅದರಲ್ಲಿದ್ದದ್ದು ಕೆನೆ ಬಣ್ಣವಲ್ಲ, ಬೂದು ಕಂದಿನ ಕೆಸರು. ತಲೆದಿಂಬು ಎತ್ತಿ ಅದರ ಬುಡದಲ್ಲಿ ಯಾರ ಕೈಯೂ ತಾಗದ ಜಾಗ ತೋರಿಸಿದೆ. ಎರಡೂ ಒಂದೇ ಬಣ್ಣ. ಕಂಡೀಷನರ್ ಹಚ್ಚುವ ಕೆಲಸ ಕಂಡೀಷನರ್ ತೆಗೆಯುವ ಕೆಲಸವಾಗಿ ಬದಲಾದದ್ದು ಆ ಹೊತ್ತಿಗೆ.

ಹಚ್ಚಿದ್ದೆಲ್ಲ ಯಾಕೆ ಒಳಗೆ ಇಳಿಯಲಿಲ್ಲ ಎಂದು ಅವರು ಕೇಳಿದರು. ಬಣ್ಣ ಬಳಿದ ಬಾಗಿಲಿಗೆ ಎಣ್ಣೆ ಹಚ್ಚಿದರೆ ಮರಕ್ಕೆ ಮುಟ್ಟುತ್ತದೆಯೇ? ಇಲ್ಲೂ ಅಷ್ಟೇ. ತೊಗಲಿಗೆ ಬೇಕಾದ ಎಣ್ಣೆಯಂಶವನ್ನು ಹದ ಮಾಡುವಾಗಲೇ ನಾರುಗಳ ನಡುವೆ ಸೇರಿಸಿರುತ್ತಾರೆ. ಮೇಲಿಂದ ಹಚ್ಚಿದ ಗಟ್ಟಿ ಮೇಣ ಹೆಚ್ಚಿನ ಪಾಲು ಪದರದ ಮೇಲೆಯೇ ಕೂರುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ, ಧೂಳು ಹಿಡಿಯುತ್ತದೆ. ಆ ಧೂಳಿನ ಮೇಲೆ ಕೂತು ಎದ್ದು ಮಾಡಿದರೆ ಮೇಲಿನ ಪದರ ಸವೆಯುತ್ತದೆ.

ತೊಳೆಯುವ ಕೆಲಸ

ಇಲ್ಲಿ ಮೊದಲ ನಿರ್ಧಾರ ಎಷ್ಟು ಬಲವಾದ ಕ್ಲೀನರ್ ಎಂಬುದು. ಕಾರಿನ ಒಳಗೆ ಎಲ್ಲಕ್ಕೂ ಬಳಸುವ ಜಿಡ್ಡು ತೆಗೆಯುವ ಕ್ಲೀನರ್ ಹಾಕಿದ್ದರೆ ಮೇಣ ಬೇಗ ಬಿಡುತ್ತಿತ್ತು. ಮಾಲೀಕರೂ ಅದನ್ನೇ ಹೇಳಿದರು: "ಸ್ವಲ್ಪ ಸ್ಟ್ರಾಂಗ್ ಇರೋದು ಹಾಕಿಬಿಡಿ, ಬೇಗ ಮುಗಿಯುತ್ತೆ." ನಾನು ಒಪ್ಪಲಿಲ್ಲ. ಹದ ಮಾಡಿದ ಲೆದರ್ ಆಮ್ಲೀಯ, ಅದರ ಪಿಎಚ್ (ಆಮ್ಲ, ಕ್ಷಾರ ಅಳೆಯುವ ಅಂಕ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು. ಬಲವಾದ ಕ್ಲೀನರ್‌ಗಳಲ್ಲಿ ಹಲವು 10ಕ್ಕೂ ಮೇಲೆ ಇರುತ್ತವೆ. ಪಿಎಚ್ ಅಳತೆಯಲ್ಲಿ ಒಂದು ಅಂಕ ಎಂದರೆ ಹತ್ತು ಪಟ್ಟು ವ್ಯತ್ಯಾಸ. ಕೋಟ್ ಗಟ್ಟಿಯಿದ್ದ ಕಡೆ ಒಂದು ಸಲಕ್ಕೆ ಏನೂ ಆಗದೇ ಇರಬಹುದು. ಆದರೆ ಈ ಸೀಟಿನಲ್ಲಿ ಕೋಟ್ ಎಲ್ಲಿ ಗಟ್ಟಿಯಿದೆ, ಎಲ್ಲಿ ಒಡೆದಿದೆ ಎಂಬುದು ಮೇಣದ ಕೆಳಗೆ ಮುಚ್ಚಿಹೋಗಿತ್ತು. ಒಡೆದ ಜಾಗದಲ್ಲಿ ಅಂಥ ದ್ರವ ನೇರ ನಾರಿಗೆ ಇಳಿಯುತ್ತದೆ. ಹಾಗಾಗಿ ಲೆದರ್‌ಗೆಂದೇ ಬರುವ, ನೀರಿನಲ್ಲಿ ಮಾಡಿದ ಸೌಮ್ಯ ಕ್ಲೀನರ್ ಸಾಕು, ಹೊತ್ತು ಜಾಸ್ತಿ ಹಿಡಿದರೂ ಪರವಾಗಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಕಲೆ ತೆಗೆಯುವ ಬಿಳಿ ಸ್ಪಂಜು ಬಳಸಬಹುದೇ ಎಂದೂ ಕೇಳಿದರು. ಅದು ಮೆಲಮೈನ್ ಎಂಬ ಪ್ಲಾಸ್ಟಿಕ್‌ನ ಸ್ಪಂಜು. ಕೈಗೆ ಮೆತ್ತಗಿದ್ದರೂ ಕೆಲಸ ಮಾಡುವುದು ನಯವಾದ ಉಪ್ಪುಕಾಗದದ ರೀತಿ. ಕಲೆಯ ಜೊತೆ ಮೇಲಿನ ಪದರವನ್ನೂ ತೆಗೆಯುತ್ತದೆ. ಅದನ್ನೂ ದೂರ ಇಟ್ಟೆವು.

ಕಾರನ್ನು ನೆರಳಿಗೆ ತಂದು ಸೀಟು ತಣ್ಣಗಾಗಲು ಬಿಟ್ಟೆ. ಬಿಸಿ ಸೀಟಿನ ಮೇಲೆ ಕ್ಲೀನರ್ ಒರೆಸುವ ಮೊದಲೇ ಒಣಗಿ ಗುರುತು ಬಿಡುತ್ತದೆ. ಆಮೇಲೆ ವ್ಯಾಕ್ಯೂಮ್, ಅದೂ ಮೆತ್ತನೆಯ ಬ್ರಷ್ ಇರುವ ಮೂತಿಯಲ್ಲಿ. ಹೊಲಿಗೆ ಮತ್ತು ಮಡಿಕೆಯ ಸಂದಿಗಳಲ್ಲಿ ಮರಳು ಉಳಿದರೆ ಬ್ರಷ್ ಆಡಿಸುವಾಗ ಅದೇ ಗೀರು ಹಾಕುತ್ತದೆ.

ಕ್ಲೀನರನ್ನು ಸೀಟಿಗೆ ಸಿಂಪಡಿಸಲಿಲ್ಲ. ಕುದುರೆ ಕೂದಲಿನ ಮೆತ್ತನೆಯ ಬ್ರಷ್‌ಗೆ ಹಾಕಿ ಒಂದು ಹಾಳೆಯಷ್ಟು ಜಾಗದಲ್ಲಿ ನೊರೆ ಎಬ್ಬಿಸಿದೆ. ನೊರೆ ಕಂದಾದ ಕೂಡಲೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ತೆಗೆದೆ, ಹಿಂದೆಯೇ ಒಣ ಬಟ್ಟೆ. ಬಿಟ್ಟರೆ ಬ್ರಷ್ ಎತ್ತಿದ ಕೊಳೆ ಮತ್ತೆ ಸುಕ್ಕಿನೊಳಗೆ ಕೂರುತ್ತದೆ. ಬಟ್ಟೆ ಬಿಳಿಯದೇ ಆಗಬೇಕು ಎಂಬುದು ನನ್ನ ಹಟ. ಏನು ಬರುತ್ತಿದೆ ಎಂದು ಹೇಳುವುದು ಅದೊಂದೇ. ಇದೇ ಜಾಗಕ್ಕೆ ಮತ್ತೆ ಮತ್ತೆ ಬಂದು, ಬಟ್ಟೆ ಬೆಳ್ಳಗೆ ಬರುವವರೆಗೆ ಮಾಡಿದೆ. ಮೇಣ ಒಂದೇ ಏಟಿಗೆ ಬಿಡುವುದಿಲ್ಲ. ಮೊದಲ ಸಲಕ್ಕೆ ಅಂಟು ಇನ್ನೂ ಹೆಚ್ಚಾದ ಹಾಗೆ ಅನಿಸುತ್ತದೆ. ಅಲ್ಲಿ ಹೆದರಿ ನಿಲ್ಲಿಸಿದವರೇ ಬಲವಾದ ಕ್ಲೀನರ್‌ಗೆ ಕೈ ಹಾಕುವುದು.

ಹಿಂದಿನ ಸೀಟು ಮುಗಿಯುವ ಹೊತ್ತಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಮಾಲೀಕರು ಬಿರುಕು ಎಂದು ತೋರಿಸಿದ್ದ ಗೆರೆಗಳಲ್ಲಿ ಮುಕ್ಕಾಲು ಪಾಲು ಮಾಯ. ಅವು ಬಿರುಕೇ ಆಗಿರಲಿಲ್ಲ. ಕೂತಾಗ ಬೀಳುವ ಮಾಮೂಲಿ ಸುಕ್ಕುಗಳು, ಒಳಗೆ ಮೇಣ ಮತ್ತು ಕೊಳೆ ತುಂಬಿ ಕಪ್ಪು ಗೆರೆಯಾಗಿ ಕಾಣುತ್ತಿದ್ದವು. ಹಚ್ಚಿದಷ್ಟೂ ತುಂಬಿತು, ತುಂಬಿದಷ್ಟೂ ಬಿರುಕು ಜಾಸ್ತಿಯಾದ ಹಾಗೆ ಕಂಡಿತು.

ಇನ್ನೊಂದು ಚಿಕ್ಕ ವಿಷಯ. ಸೀಟಿನ ಹಿಂಬದಿ, ಹೊರಪಕ್ಕೆ, ತಲೆದಿಂಬಿನ ಹಿಂಭಾಗ ಲೆದರ್ ಅಲ್ಲ, ವಿನೈಲ್, ಅಂದರೆ ತೊಗಲಿನ ಹಾಗೆ ಕಾಣುವ ಪ್ಲಾಸ್ಟಿಕ್. ಲೆದರ್ ಸೀಟು ಎಂದು ಮಾರುವ ಬಹಳಷ್ಟು ಕಾರುಗಳಲ್ಲಿ ಹೀಗೇ ಇರುತ್ತದೆ; ಮೈ ತಾಗುವ ಜಾಗಕ್ಕೆ ಮಾತ್ರ ತೊಗಲು. ಒಂದೇ ಅಚ್ಚಿನ ವಿನ್ಯಾಸ ಮತ್ತೆ ಮತ್ತೆ ಬರುತ್ತಿದ್ದರೆ ಅದು ವಿನೈಲ್ ಎಂದು ಅನುಮಾನಿಸಬಹುದು. ಎರಡು ವರ್ಷ ಅದಕ್ಕೂ ಮುಲಾಮು ಸುರಿದಿದ್ದರು.

ತೂತುಗಳು

ಮುಂದಿನ ಸೀಟಿನ ನಡುಭಾಗ ಇಡೀ ಕೆಲಸದಲ್ಲಿ ಅತ್ಯಂತ ಬೇಸರದ್ದು. ತೂತುಗಳೊಳಗೆ ಮೇಣ, ಬಟ್ಟೆಯ ಎಳೆ, ಧೂಳು ಸೇರಿ ಬಿರಡೆಯಾಗಿದ್ದವು. ಇಲ್ಲಿ ನೀರು ಜಾಸ್ತಿ ಬಿಟ್ಟರೆ ತೂತಿನಿಂದ ನೇರ ಸೀಟಿನ ಒಳಗಿನ ಸ್ಪಂಜಿಗೆ ಇಳಿಯುತ್ತದೆ. ಅದರ ಕೆಳಗೆ ಫ್ಯಾನು, ಕೆಲವು ಕಾರುಗಳಲ್ಲಿ ಬಿಸಿ ಮಾಡುವ ತಂತಿ, ಯಾರಾದರೂ ಕೂತಿದ್ದಾರೆಯೇ ಎಂದು ನೋಡುವ ಸೆನ್ಸರ್ ಎಲ್ಲ ಇರುತ್ತವೆ. ಗಾಳಿ ಊದುವ ಯಂತ್ರ ಹಿಡಿದರೆ ಬಿರಡೆ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ. ಹಾಗಾಗಿ ಹಿಂಡಿದ ಬ್ರಷ್‌ನ ತುದಿಯಲ್ಲಿ ಬರಿ ನೊರೆ, ಜೊತೆಗೇ ವ್ಯಾಕ್ಯೂಮ್. ಬಿಡದ ತೂತುಗಳನ್ನು ಮರದ ಹಲ್ಲುಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆ. ಲೋಹದ ಪಿನ್ನು ಬೇಡ, ತೂತಿನ ಅಂಚು ಹರಿಯುತ್ತದೆ. ಸೀಟಿನ ಕೆಳಗಿನ ಹಳದಿ ಕನೆಕ್ಟರ್‌ಗಳಿಗೆ ಕೈ ಹಾಕಲಿಲ್ಲ. ಅವು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು.

ಮಾರನೆಯ ದಿನ ಪೂರ್ತಿ ಆರಿದ ಮೇಲೆ ಫ್ಯಾನು ಹಾಕಿ ನೋಡಿದೆವು. ಪಕ್ಕದ ಸೀಟಿನಲ್ಲಿ ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಡ್ರೈವರ್ ಸೀಟಿನಲ್ಲಿ ಮೊದಲಿಗಿಂತ ಮೇಲು, ಆದರೂ ಒಂದು ಮಟ್ಟಿಗೆ ಕಡಿಮೆ. ಉಳಿದದ್ದು ತೂತಿನದ್ದೋ ಫ್ಯಾನಿನದ್ದೋ ಎಂದು ನೋಡುವುದನ್ನು ಮಾಲೀಕರು ಮೆಕ್ಯಾನಿಕ್‌ಗೆ ಬಿಟ್ಟರು. ಅದೇ ಸರಿ.

ಬಟ್ಟೆಗೆ ಕೆನೆ ಬಣ್ಣ ಬಂದಾಗ

ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬು ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಏಟು ತಿನ್ನುವ ಜಾಗ. ಇಳಿಯುವಾಗ, ಹತ್ತುವಾಗ ಮೈ ಉಜ್ಜುವುದು ಅಲ್ಲೇ. ಅಲ್ಲಿ ಮೊದಲಿಗೆ ಬಟ್ಟೆ ಬೂದು ಬಂತು. ಆಮೇಲೆ ತಿಳಿಯಾಯಿತು. ಆಮೇಲೆ ತಿಳಿಯಾಗುವುದು ನಿಂತಿತು.

ತಿಳಿ ಬಣ್ಣದ ಸೀಟಿನಲ್ಲಿ ಕೊಳೆ ಯಾವುದು, ಸೀಟಿನದೇ ಬಣ್ಣ ಯಾವುದು ಎಂದು ಹೇಳುವುದು ಕಷ್ಟ. ನಾನು ನೋಡುವುದು ಎರಡು. ಕೊಳೆಯಾದರೆ ಒಂದೊಂದು ಸಲಕ್ಕೂ ಕಡಿಮೆಯಾಗುತ್ತಾ ಹೋಗಬೇಕು. ಬಣ್ಣವಾದರೆ ಉಜ್ಜಿದಷ್ಟೂ ಅಷ್ಟೇ ಬರುತ್ತದೆ. ಬಟ್ಟೆಯ ಹೊಸ ಮಡಿಕೆಯಲ್ಲಿ ಒರೆಸಿ ಒಣಗಲು ಬಿಟ್ಟು, ತಲೆದಿಂಬಿನ ಬುಡದ ಪಕ್ಕ ಇಟ್ಟು ನೋಡಬೇಕು. ಇಲ್ಲಿ ಬಟ್ಟೆಯ ಮೇಲಿನ ಗುರುತೂ ಆ ಬುಡವೂ ಒಂದೇ ಕೆನೆ. ಅಲ್ಲಿಗೆ ಬ್ರಷ್ ಕೆಳಗಿಟ್ಟೆ.

ಉಬ್ಬಿನ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಗೆರೆಗಳಗುಂಟ ಇಂಗಿ ಅಲ್ಲಿ ಮಾತ್ರ ಕಪ್ಪಾಯಿತು. ಮೇಲಿನ ಪದರ ಹೋಗಿದೆ, ನಾರು ಹೊರಗೆ ಬಂದಿದೆ. ಇಡೀ ಕಾರಿನಲ್ಲಿ ನಿಜವಾದ ಬಿರುಕು ಇದ್ದದ್ದು ಇಲ್ಲೊಂದೇ. ವಿಚಿತ್ರ ಎಂದರೆ, ಕಂಡೀಷನರ್ ನಿಜಕ್ಕೂ ಒಳಗೆ ಇಳಿದದ್ದೂ ಇಲ್ಲೇ.

ಮುಂದೆ ಏನು ಎಂಬುದಕ್ಕೆ ಮೂರು ದಾರಿ ಇತ್ತು. ಹಾಗೇ ಬಿಡಬಹುದು, ಬಿರುಕು ನಿಧಾನಕ್ಕೆ ಹರಿಯುತ್ತದೆ. ಆ ತುಂಡನ್ನೇ ಬದಲಿಸಬಹುದು. ಖರ್ಚು ಜಾಸ್ತಿ, ಬದಿಯಲ್ಲಿ ಏರ್‌ಬ್ಯಾಗ್ ಇರುವುದರಿಂದ ಹೊಲಿಗೆಯನ್ನು ಯಾರು ಬೇಕಾದರೂ ಬಿಚ್ಚುವಂತಿಲ್ಲ. ಇಲ್ಲವೇ ಬಿರುಕು ತುಂಬಿ ಮತ್ತೆ ಬಣ್ಣ ಕೂರಿಸಬಹುದು. "ಕಂಡೀಷನರ್‌ನಿಂದ ಕೂಡಿಕೊಳ್ಳಲ್ವಾ?" ಎಂಬ ಪ್ರಶ್ನೆ ಆಗಲೂ ಬಂತು. ಒಡೆದ ಪದರ ಕೂಡಿಕೊಳ್ಳುವುದಿಲ್ಲ. ಎಣ್ಣೆ ಇಳಿದು ಗೆರೆ ಸ್ವಲ್ಪ ದಿನ ಬೇರೆ ಬಣ್ಣ ತೋರಿಸಬಹುದು, ಅಷ್ಟೇ.

ಮಾಲೀಕರು ಮೂರನೆಯದನ್ನು ಆರಿಸಿದರು. ಅದು ನನ್ನ ಕಸುಬಲ್ಲ. ಲೆದರ್‌ಗೆ ಬಣ್ಣ ಕೂರಿಸುವ ಒಬ್ಬ ಕಸುಬುದಾರರು ಬಂದರು. ಬಿರುಕು ನೋಡಿ ಅವರು ಹೇಳಿದ ಮೊದಲ ಮಾತು, "ಒಣಗಿದ್ರೆ ಸುಲಭ ಇತ್ತು." ನಾರಿನಲ್ಲಿ ಎಣ್ಣೆ ಇದ್ದರೆ ತುಂಬುವ ಪೇಸ್ಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಆ ಜಾಗದ ಎಣ್ಣೆಯನ್ನು ಆಲ್ಕೋಹಾಲ್ ಇರುವ ದ್ರವದಿಂದ ಒರೆಸಿ ಒರೆಸಿ ತೆಗೆದರು. ಬೇರೆ ಕಡೆ ಇದನ್ನು ಮಾಡಿದರೆ ಒಳ್ಳೆಯ ಕೋಟ್ ಹಾಳಾಗುತ್ತದೆ. ಇಲ್ಲಿ ಹೇಗೂ ಹೊಸ ಕೋಟ್ ಬರಲಿತ್ತು. ಆಮೇಲೆ ನಯವಾದ ಉಪ್ಪುಕಾಗದ, ಬಾಗುವ ಪೇಸ್ಟು ತೆಳುವಾಗಿ, ಮೇಲೆ ಬಣ್ಣ ಹಲವು ತೆಳು ಕೈಗಳಲ್ಲಿ, ಕೊನೆಗೆ ಮ್ಯಾಟ್ ಪದರ. ಬಣ್ಣ ಹೊಂದಿಸಿದ್ದು ತಲೆದಿಂಬಿನ ಬುಡ ನೋಡಿ. ತೊಳೆಯುವ ಮೊದಲೇ ಬಣ್ಣ ಹೊಂದಿಸಿದ್ದರೆ ಕೊಳೆಯ ಬಣ್ಣಕ್ಕೆ ಹೊಂದಿಸಿದಂತಾಗುತ್ತಿತ್ತು.

ಕೆಳಗಿನ ಮೂಲೆಯಲ್ಲಿ, ಹೊಲಿಗೆಯ ಹತ್ತಿರ, ಬಣ್ಣ ಸರಿಯಾಗಿ ಹಿಡಿಯಲಿಲ್ಲ. ಹೊಲಿಗೆಯ ತೂತುಗಳಿಂದ ಉಳಿದ ಎಣ್ಣೆ ಜಿನುಗಿರಬೇಕು ಎಂದು ಅವರ ಅಂದಾಜು.

ನೀಲಿ ಕಲೆ, ಮತ್ತು ನಿಲ್ಲಿಸುವುದು

ಜೀನ್ಸ್‌ನ ನೀಲಿ ಬಹುಪಾಲು ಮೇಣದ ಜೊತೆಗೇ ಎದ್ದು ಬಂತು. ಅಷ್ಟರ ಮಟ್ಟಿಗೆ ಆ ಮೇಣ ಒಂದು ಉಪಕಾರ ಮಾಡಿತ್ತು. ಉಳಿದದ್ದು ಬಿಸಿಗೆ ಮೇಲಿನ ಪದರದೊಳಗೇ ಸೇರಿಕೊಂಡಿತ್ತು. ಅದನ್ನು ತೆಗೆಯಬೇಕಾದರೆ ಪದರವನ್ನೇ ತೆಗೆಯಬೇಕು. ಗಟ್ಟಿ ಪದರವನ್ನು ಒಂದು ಮಸುಕು ನೆರಳಿಗಾಗಿ ಕಳೆದುಕೊಳ್ಳುವುದು ಬೇಡ ಎಂದು ಹೇಳಿದೆ. ಮಾಲೀಕರು ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲದಿದ್ದರೂ. ಗೊತ್ತಿದ್ದವರು ನೋಡಿದರೆ ಆ ನೆರಳು ಈಗಲೂ ಕಾಣುತ್ತದೆ.

ಕೊನೆಗೆ ಕಂಡೀಷನರ್ ಹಚ್ಚಿದೆನೇ? ಹಚ್ಚಿದೆ. ನೀರಿನಂಥ ತೆಳುವಾದದ್ದು, ಬಟ್ಟೆಗೆ ಒಂದಿಷ್ಟೇ ಹಾಕಿ, ಹೊಸ ಬಣ್ಣದ ಉಬ್ಬನ್ನು ಬಿಟ್ಟು. ಸ್ವಲ್ಪ ಹೊತ್ತಿಗೆ ಒಣ ಬಟ್ಟೆಯಲ್ಲಿ ಉಳಿದದ್ದನ್ನೆಲ್ಲ ತೆಗೆದೆ. ಕೋಟ್ ಮಾಡಿದ ಲೆದರ್‌ಗೆ ಇದರಿಂದ ಆಗುವ ಲಾಭ ದೊಡ್ಡದಲ್ಲ ಎಂಬುದೇ ನನ್ನ ಅಭಿಪ್ರಾಯ. ಅಂಥ ಸೀಟಿನ ಆಯಸ್ಸು ನಿಂತಿರುವುದು ಹೆಚ್ಚಾಗಿ ಕೊಳೆ ತೆಗೆಯುವುದರ ಮೇಲೆ ಮತ್ತು ಬಿಸಿಲು ತಪ್ಪಿಸುವುದರ ಮೇಲೆ. ಅನಿಲೀನ್ ಸೀಟಾದರೆ ಮಾತು ಬೇರೆ, ಅಲ್ಲಿ ಕಂಡೀಷನರ್‌ಗೆ ಕೆಲಸವಿದೆ. ಆದರೆ ತೊಳೆಯುವಾಗಲೂ ಹಚ್ಚುವಾಗಲೂ ಇನ್ನೂ ಹೆಚ್ಚು ಎಚ್ಚರ ಬೇಕು. ಅಡುಗೆ ಎಣ್ಣೆಗಳನ್ನಂತೂ ಯಾವ ಸೀಟಿಗೂ ಹಚ್ಚಬಾರದು, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ.

ಮುಂದಿನ ಸೀಟುಗಳ ನಯವಾದ ಭಾಗಕ್ಕೆ ರಕ್ಷಣೆಯ ತೆಳು ಕೋಟಿಂಗ್ ಕೊಟ್ಟೆ, ತೂತುಗಳ ಜಾಗ ಮತ್ತು ಹೊಸ ಬಣ್ಣದ ಉಬ್ಬು ಬಿಟ್ಟು. ಜೀನ್ಸ್ ಬಣ್ಣ ಬಿಟ್ಟರೆ ಮೊದಲು ಅದಕ್ಕೆ ಹತ್ತಲಿ ಎಂದು. ಅದು ಸವೆಯುತ್ತದೆ, ಆಗಾಗ ಹೊಸದಾಗಿ ಹಚ್ಚಬೇಕು.

ಕೆಲವು ತಿಂಗಳ ನಂತರ

ಮಾಲೀಕರು ಈಗ ವಾರಕ್ಕೊಮ್ಮೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸುತ್ತಾರೆ, ಕೂರುವ ಜಾಗ ಮಾಸಿದಾಗ ಮಾತ್ರ ಕ್ಲೀನರ್ ಬಳಸುತ್ತಾರೆ. ಬಿಸಿಲಿನಲ್ಲಿ ನಿಲ್ಲಿಸಿದರೆ ಗಾಜಿಗೆ ಮರೆ ಹಾಕುತ್ತಾರೆ. ಅಂಟು ಮತ್ತೆ ಬಂದಿಲ್ಲ. ಉಬ್ಬಿನ ಬಣ್ಣ ಹಿಡಿದುಕೊಂಡಿದೆ. ಆ ಮೂಲೆ ಮಾತ್ರ ಸುಲಿಯಿತು. ಕಸುಬುದಾರರು ಮತ್ತೆ ಬಂದು ಅಷ್ಟೇ ಜಾಗದ ಎಣ್ಣೆ ತೆಗೆದು ಎರಡನೆಯ ಸಲ ಬಣ್ಣ ಕೂರಿಸಿದರು. ಈ ಸಲ ನಿಂತಿದೆ.

ಅವರ ಮನೆಯ ಹಿರಿಯರೊಬ್ಬರಿಗೆ ಇನ್ನೂ ಸಮಾಧಾನವಿಲ್ಲವಂತೆ. ಅಷ್ಟು ದುಡ್ಡು ಕೊಟ್ಟು ಸೀಟಿನ ಹೊಳಪೇ ಹೋಯ್ತು ಎನ್ನುತ್ತಾರಂತೆ.